ನಲವತ್ತೊಂದು ಜೋಡಿ ಚಪ್ಪಲಿ

ವಾಸುದೇವ ಮಾಸ್ತರರು ಸುಳ್ಳು ಹೇಳುವವರಲ್ಲ. ಕಲಬುರಗಿಯ ಬ್ರಹ್ಮಪುರದಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ, ಇದೇ ಮಾತು. ಆದರೆ ಒಂದೇ ಒಂದು ಸುಳ್ಳನ್ನು ಅವರು ನಲವತ್ತು ವರ್ಷ ಉಣಿಸಿ ತಿನಿಸಿ ಸಾಕಿದ್ದರು. ಕೋಲಾರದ ಚಿನ್ನದ ಗಣಿಯೊಳಗೆ ತಾವು ಇಳಿದು ಬಂದಿದ್ದೇವೆ ಎಂಬುದೇ ಆ ಸುಳ್ಳು.

ನಡೆದದ್ದು ಇಷ್ಟು. ಮಾಸ್ತರರಿಗೆ ಆಗ ಇಪ್ಪತ್ತೈದು. ದಿನಾ ಬಸ್ಸು ಹಿಡಿದು ಕಮಲಾಪುರಕ್ಕೆ ಹೋಗಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಒಂದು ವರ್ಷ ನಲವತ್ತೆರಡು ಹುಡುಗರನ್ನು ಕಟ್ಟಿಕೊಂಡು ಗಣಿ ನೋಡಲು ಹೋದರು. ಗಣಿಯ ಬಾಯಿಯ ಹತ್ತಿರ ಒಬ್ಬ ಎಲ್ಲರಿಗೂ ತೊಗಲಿನ ಬೂಟು, ಟೊಪ್ಪಿಗೆ ಹಂಚತೊಡಗಿದ. ಯಾರ್ಯಾರೋ ಹಾಕಿ ಬಿಟ್ಟ ಬೂಟು. ಮಾಸ್ತರರ ತಾಯಿ ಮಥುರಾಬಾಯಿಯ ಮಡಿ ಎಂದರೆ ಸಾಮಾನ್ಯದ್ದಲ್ಲ, ಆಕೆ ನೀರು ಹಿಡಿಯುವ ಮುಂಚೆ ನಲ್ಲಿಯನ್ನೇ ತೊಳೆಯುವ ಹೆಂಗಸು. ಮೇಲಾಗಿ ಅಂದು ಏಕಾದಶಿ. ಬೂಟು ಕಂಡದ್ದೇ ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದರು. ಮೊದಲ ತಂಡದ ಹುಡುಗರಿಗೆ, “ನಾ ಕಡೀ ತಂಡದಾಗ ಬರ್ತೀನಿ” ಎಂದರು. ಕಡೆಯ ತಂಡಕ್ಕೆ, “ನಾ ಮೊದಲನೇದರಾಗೇ ಹೋಗಿ ಬಂದೀನಿ” ಎಂದರು. ಎಲ್ಲರೂ ಕೆಳಗಿರುವಷ್ಟು ಹೊತ್ತು ಮೇಲೆ ಕುಳಿತು ಹುಡುಗರು ಕಳಚಿಟ್ಟ ಚಪ್ಪಲಿ ಕಾದರು.

ಗಣಿತದವರು ಸುಮ್ಮನೆ ಕೂತಾರೆಯೇ? ಎಣಿಸಿದರು. ನಲವತ್ತೊಂದು ಜೋಡಿ. ಮತ್ತೆ ಎಣಿಸಿದರು, ನಲವತ್ತೊಂದೇ. ಆದರೆ ವಾಪಸು ಬಸ್ಸು ಹತ್ತುವಾಗ ನೋಡಿದರೆ ಹುಡುಗರು ನಲವತ್ತೆರಡು, ಎಲ್ಲರ ಕಾಲಲ್ಲೂ ಚಪ್ಪಲಿ! ಒಬ್ಬರನ್ನಾದರೂ ಕೇಳೋಣವೆಂದರೆ ತಾವು ಮೇಲೆಯೇ ಕುಳಿತಿದ್ದ ಗುಟ್ಟು ಬಯಲಾಗುತ್ತದೆ. ಹೀಗಾಗಿ ಆ ಲೆಕ್ಕ ಬಗೆಹರಿಯದೆ ಅವರ ತಲೆಯಲ್ಲೇ ಉಳಿಯಿತು.

ಆ ಹುಡುಗರು ಪಾಸಾಗಿ ಹೋದ ಮೇಲೆ, ಹೊಸಬರಿಗೆ ಪ್ರತಿ ಶನಿವಾರ ಕಡೆಯ ಪಿರಿಯಡ್ಡಿನಲ್ಲಿ ಗಣಿಯ ಕತೆ ಶುರುವಾಯಿತು; ಬರಬರುತ್ತ ಅದು ಕಮಲಾಪುರಕ್ಕೆಲ್ಲ ಬಾಯಿಪಾಠವಾಯಿತು. ತೊಟ್ಟಿಲಿನಂಥ ಲಿಫ್ಟು, ಗವ್ವೆನ್ನುವ ಕತ್ತಲು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. “ಕೆಳಗ ಇಳದಂಗ ಇಳದಂಗ ಥಂಡಿ ಏರತದ, ಹಲ್ಲು ಕಟಕಟ ಅಂತಾವ” ಎಂದು ಮಾಸ್ತರರು ಹೇಳುತ್ತಿದ್ದರೆ ಮುಂದಿನ ಬೆಂಚಿನವರು ಕೈಕಟ್ಟಿಕೊಂಡು ನಡುಗುತ್ತಿದ್ದರು. ಆ ಥಂಡಿ ಎಲ್ಲಿಯದು ಅಂತೀರಿ? ಕಮಲಾಪುರದ ಒಂದು ಕೆಂಪುಬಾಳೆ ತೋಟದ ಬಾವಿಯದು. ಒಮ್ಮೆ ಕಾಲು ತೊಳೆಯಲು ಮೆಟ್ಟಿಲು ಇಳಿದಾಗ ಮೈ ತಣ್ಣಗಾದದ್ದನ್ನೇ ಈ ಪುಣ್ಯಾತ್ಮರು ಗಣಿಗೆ ಸೇರಿಸಿಬಿಟ್ಟಿದ್ದರು.

ನಿವೃತ್ತಿಯಾಗಿ ಐದು ವರ್ಷದ ಮೇಲೆ, ಒಂದು ಮುಂಜಾನೆ ಆ ತೋಟದ ಮಾಲೀಕ ದೌಲಪ್ಪನೇ ಒಂದು ಚಿಪ್ಪು ಕೆಂಪುಬಾಳೆ ಹಿಡಿದು ಮನೆಗೆ ಬಂದ. ಅಂದಿನ ನಲವತ್ತೆರಡರಲ್ಲಿ ಅವನೂ ಒಬ್ಬ. ಈಗ ಐವತ್ತೈದರ ದಪ್ಪ ಮೀಸೆಯ ಯಜಮಾನ.

“ಸರ, ಹಳೇ ವಿದ್ಯಾರ್ಥಿಗಳೆಲ್ಲಾ ಕೂಡಿ ಚಿನ್ನದ ಗಣಿ ಊರಿಗೆ ಹೊಂಟೀವ್ರಿ. ಗಣಿ ಬಂದ್ ಆಗಿ ಭಾಳ ವರ್ಷ ಆತು, ಹಳೇ ಬಂಗಲೆ, ಹಳೇ ಯಂತ್ರ ಎಲ್ಲಾ ನೋಡಾಕ ಸಿಗ್ತಾವಂತ. ನೀವು ಬಂದು ಒಳಗಿನ ಸುದ್ದಿ ಹೇಳಬೇಕ್ರಿ.”

ಮಾಸ್ತರರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಹೊರಟ ಬೇರೆಯವರೆಲ್ಲ ಆಮೇಲಿನ ವರ್ಷಗಳ ಹುಡುಗರು, ಬರೀ ಕತೆ ಕೇಳಿದವರು, ಇವನು ಒಳಗೆ ಇಳಿದು ಬಂದವನು. ಒಂದು ಮಾತು ತಪ್ಪಿದರೂ ಹಿಡಿದುಬಿಡುತ್ತಾನೆ. ನಲವತ್ತು ವರ್ಷದ ಮಾನ ಒಂದು ನಿಮಿಷದಲ್ಲಿ ಹೋಗುತ್ತದೆ, ಅದೂ ಶಿಷ್ಯರ ಮುಂದೆ.

“ಮೊಣಕಾಲು ಭಾಳ ನೋಯಾಕತ್ತದಪ್ಪಾ” ಎಂದರು.

“ಗಾಲಿ ಕುರ್ಚಿ ತರಸ್ತೀನ್ರಿ ಸರ.”

“ನೀನೂ ಇಳದಾಂವ ಇದ್ದೀಯಲ್ಲೋ, ನೀನ ಹೇಳಿಬಿಡು.”

ದೌಲಪ್ಪ ಯಾಕೋ ಮೀಸೆ ಒರೆಸಿಕೊಂಡ. “ನಿಮ್ಮಂಗ ಹೇಳಾಕ ನಮಗ ಬರಂಗಿಲ್ರಿ.”

ಒಳಗಿನಿಂದ ಹೆಂಡತಿ ರಂಜನಾ, “ಬರ್ತಾರ ತಗೋ ದೌಲಪ್ಪ, ನಾನೂ ಬರ್ತೀನಿ” ಎಂದರು. ಭಜನಾ ಮಂಡಳಿಯಲ್ಲಿ ಗಂಡನ ಗಣಿ ಕತೆಯನ್ನು ಗಂಡನಿಗಿಂತ ಚೆನ್ನಾಗಿ ಹೇಳುವವರು ಅವರು. ಇನ್ನು ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ರೈಲಿನಲ್ಲಿ ಒಂದು ರಾತ್ರಿ, ಬಸ್ಸಿನಲ್ಲಿ ಅರ್ಧ ದಿನ. ಊರು ಚೆಂದವೇ ಇತ್ತು. ಹೆಂಚಿನ ಮಾಡಿನ ಬಿಳಿಯರ ಬಂಗಲೆಗಳು, ಕಲ್ಲು ಅರೆದು ಸುರಿದ ಪುಡಿಯ ಗುಡ್ಡಗಳು, ಗಣಿಯ ಬಾಯಿಯ ಮೇಲೆ ತುಕ್ಕು ಹಿಡಿದು ನಿಂತ ಎತ್ತರದ ಕಬ್ಬಿಣದ ಗೋಪುರ. ಶಿಷ್ಯರು ಒಂದೊಂದಕ್ಕೂ, “ಇದೇನ್ರಿ ಸರ?” ಎನ್ನುತ್ತಿದ್ದರು. ಮಾಸ್ತರರು, “ಮೊದಲು ಕಣ್ಣಿಂದ ನೋಡ್ರಿ, ಆಮ್ಯಾಲ ಹೇಳ್ತೀನಿ” ಎನ್ನುತ್ತ ನೀರು ಕುಡಿಯುತ್ತಿದ್ದರು. ಮೂರು ಬಾಟಲಿ ಖಾಲಿಯಾದವು.

ಊರು ತೋರಿಸಲು ಬಂದವನು ಮೂವತ್ತು ವರ್ಷ ಗಣಿಯಲ್ಲಿ ದುಡಿದ ಮುದುಕ. ಗೋಪುರದ ಬಳಿಯ ಕೋಣೆಯಲ್ಲಿ ಸಾಲು ಮೊಳೆ ಬಡಿದ ಒಂದು ಹಲಗೆ ತೋರಿಸಿದ. “ಇಳಿಯೋವಾಗ ಒಬ್ಬೊಬ್ರೂ ನಂಬರಿನ ಬಿಲ್ಲೆ ಇಲ್ಲಿ ಬಿಟ್ಟು ಹೋಗ್ತಿದ್ವಿ ಸಾರ್. ಮೇಲೊಬ್ಬ ಎಣಿಸ್ತಾ ಕೂತಿರೋನು. ಒಂದು ಬಿಲ್ಲೆ ಲೆಕ್ಕ ತಪ್ಪಿದ್ರೂ ಅವನು ಮನೆಗೆ ಹೋಗ್ತಿರಲಿಲ್ಲ.”

ಮಾಸ್ತರರಿಗೆ ಆ ಎಣಿಸುವವನ ಮೇಲೆ ಕನಿಕರ ಬಂತು. ಅಷ್ಟರಲ್ಲಿ ಮುದುಕ ಕೇಳಿಯೇಬಿಟ್ಟ. “ನಿಮ್ಮಲ್ಲಿ ಯಾರಾದ್ರೂ ಕೆಳಗೆ ಇಳಿದಿದ್ದೀರಾ?”

ಇಪ್ಪತ್ತು ಕೈಗಳು ಮಾಸ್ತರರ ಕಡೆಗೂ ದೌಲಪ್ಪನ ಕಡೆಗೂ ತಿರುಗಿದವು. ರಂಜನಾ ಸೆರಗು ಸರಿ ಮಾಡಿಕೊಂಡು ಮುಂದೆ ಬಂದು ನಿಂತರು.

“ದೌಲಪ್ಪ ಹೇಳ್ತಾನ” ಎಂದರು ಮಾಸ್ತರರು.

“ಸರ ಹೇಳ್ತಾರ” ಎಂದ ದೌಲಪ್ಪ.

“ಯಾರಾದ್ರೂ ಹೇಳಿ ಸಾರ್, ಹೆಂಗಿತ್ತು ಕೆಳಗೆ?”

ದೌಲಪ್ಪ ಬೆವರಿದ. ಕಡೆಗೆ ಕಣ್ಣು ಮುಚ್ಚಿ, ಪಾಠ ಒಪ್ಪಿಸುವವನಂತೆ ಅಂದ: “ಥಂಡಿ ಇತ್ತ್ರಿ. ಇಳದಂಗ ಇಳದಂಗ ಥಂಡಿ. ಹಲ್ಲು ಕಟಕಟ ಅಂದ್ವು.”

ಮುದುಕ ಬಾಯ್ತುಂಬ ನಕ್ಕ. “ಥಂಡೀನಾ? ಕೆಳಗೆ ಹೋದಷ್ಟೂ ಬಂಡೆ ಕಾದಿರ್ತಿತ್ತು ಸಾರ್. ಬೆವರು ಒರೆಸೋಕೆ ಟವೆಲ್ ಸಾಲ್ತಿರಲಿಲ್ಲ.”

ಮಾಸ್ತರರು ದೌಲಪ್ಪನನ್ನೇ ನೋಡಿದರು. ಆ ಥಂಡಿ ಅವನ ತೋಟದ ಬಾವಿಯದು, ಅದನ್ನು ಗಣಿಗೆ ಹಾಕಿದವರು ತಾವು. ನಿಜವಾಗಿ ಇಳಿದವನು ಹಾಗೆ ಹೇಳಲು ಸಾಧ್ಯವೇ ಇಲ್ಲ. ನಲವತ್ತೆರಡರಲ್ಲಿ ಒಂದು ಕಳೆದರೆ ನಲವತ್ತೊಂದು. ಲೆಕ್ಕ ಬಂತು! ಮಾನ, ಮರ್ಯಾದೆ, ಮುಂದೆ ನಿಂತ ಹೆಂಡತಿ, ಎಲ್ಲ ಮರೆತುಹೋಯಿತು.

“ದೌಲ್ಯಾ, ಕಮ್ಮಿ ಬಿದ್ದ ಆ ಒಂದು ಜೋಡಿ ಚಪ್ಪಲಿ ನಿಂದೇನೋ?”

ದೌಲಪ್ಪ ತಲೆ ತಗ್ಗಿಸಿದ. “ಹೌದ್ರಿ ಸರ. ಭಾಳ ಅಂಜಿಕಿ ಬಂದಿತ್ತು. ಬಸ್ಸಿನಾಗ ಕಡೀ ಸೀಟಿನ ಕೆಳಗ ಮಲಗಿದ್ದೆ, ಚಪ್ಪಲಿ ಕಾಲಾಗೇ ಇತ್ತು. ಈಗ ಗಣಿ ಬಂದ್ ಆಗ್ಯದ, ಇನ್ನ ಇಳಸಂಗಿಲ್ಲ ಅಂತ ಧೈರ್ಯ ಮಾಡಿ ಬಂದೀನ್ರಿ.” ಆಮೇಲೆ ಮೆಲ್ಲಗೆ ತಲೆ ಎತ್ತಿದ. “ಆದರ ಸರ, ನಿಮಗ ಚಪ್ಪಲಿ ಲೆಕ್ಕ ಹೆಂಗ ಗೊತ್ತಾತ್ರಿ?”

ಇಪ್ಪತ್ತು ಮುಖಗಳು ಮತ್ತೆ ಮಾಸ್ತರರ ಕಡೆ ತಿರುಗಿದವು.

“ನಾನೂ ಇಳದಿಲ್ಲ” ಎಂದರು ಮಾಸ್ತರರು. “ಮಂದಿ ಹಾಕಿದ ಬೂಟಿಗೆ ಹೇಸಿ ಇಲ್ಲೇ ಕೂತು ಹುಡುಗರ ಚಪ್ಪಲಿ ಎಣಿಸಿದೆ. ಹೇಳಾಕ ನಾಚಿಕಿ ಆತು, ಸುಳ್ಳು ಹೇಳಿದೆ. ಸುಳ್ಳು ಹೇಳಿದ್ದು ಖರೇ, ಆದರ ಲೆಕ್ಕ ತಪ್ಪಿರಲಿಲ್ಲ ನೋಡ್ರಿ.” ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿ ಬಂದವು, ಅದು ನಾಚಿಕೆಯೋ ಸಂತೋಷವೋ ಅವರಿಗೇ ತಿಳಿಯಲಿಲ್ಲ.

ರಂಜನಾ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. “ಮಂಡಳಿಯೊಳಗ ನಾ ಏನಂತ ಹೇಳ್ಲಿ ಈಗ?”

ಉತ್ತರ ಕೊಟ್ಟವನು ಮುದುಕ. “ಎಣಿಸೋನಾಗಿದ್ರು ಅನ್ನಿ ಅಮ್ಮ. ಮೇಲೆ ಅವನೊಬ್ಬ ಕೂತಿದ್ದಾನೆ ಅಂತಾನೇ ನಾವು ಧೈರ್ಯವಾಗಿ ಇಳೀತಿದ್ವಿ.”

ಹೀಗೆಂದು ಕೋಣೆಯ ಮೂಲೆಯಿಂದ ತನ್ನ ಹಳೆಯ ಟೊಪ್ಪಿಗೆ, ತೊಗಲಿನ ಬೂಟು ತಂದು ಮಾಸ್ತರರ ಮುಂದಿಟ್ಟ. ಬೂಟು ಮೂವತ್ತು ವರ್ಷ ಬೆವರು ಕುಡಿದದ್ದು, ವಾಸನೆಯೂ ಇತ್ತು. ಮಾಸ್ತರರು ಒಂದು ಗಳಿಗೆ ಸತ್ತ ತಾಯಿಯನ್ನು ನೆನೆದರು. ಆಮೇಲೆ ಕುಳಿತು ತಮ್ಮ ಚಪ್ಪಲಿ ಕಳಚಿ, ಒಂದೊಂದಾಗಿ ಎರಡೂ ಬೂಟು ಏರಿಸಿದರು.

“ಮನಿಗೆ ಹೋದ ಕೂಡಲೇ ಸೀದಾ ಬಚ್ಚಲಕ್ಕ ನಡೀಬೇಕು” ಎಂದರು ರಂಜನಾ. ನಗು ತಡೆಯಲು ಸೆರಗು ಬಾಯಿಗೆ ಹೋಗಿತ್ತು.

ಮಾಸ್ತರರು ಟೊಪ್ಪಿಗೆ ಇಟ್ಟುಕೊಂಡು, ಮುಚ್ಚಿದ ಗಣಿಯ ಬಾಯಿಯ ಕಡೆಗೆ ಧಪಧಪ ನಡೆದರು. ಹತ್ತು ಹೆಜ್ಜೆ ಹೋಗಿ ತಿರುಗಿದರು. “ದೌಲಪ್ಪ, ಚಪ್ಪಲಿ ನೋಡ್ಕೋ.”

ದೌಲಪ್ಪ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಎಣಿಸಿದ.

“ಒಂದು ಜೋಡಿ ಅದಾವ್ರಿ ಸರ. ಲೆಕ್ಕ ಬರೋಬ್ಬರಿ ಅದ.”