ಬೇವಿನ ಸುತ್ತ ಹಸಿರು

ಹುಬ್ಬಳ್ಳಿ–ಧಾರವಾಡ ಒಂದೇ ಮಹಾನಗರಪಾಲಿಕೆಯಾದ ಮೇಲೆ ಸರ್ಕಾರಕ್ಕೆ ಬಣ್ಣದ ಹುಚ್ಚು ಹಿಡಿಯಿತು. ನಕಾಶೆಯಲ್ಲಿ ಮನೆಗಳಿಗೆ ಹಳದಿ, ಕಾರ್ಖಾನೆಗಳಿಗೆ ನೇರಳೆ, ಉದ್ಯಾನಕ್ಕೆ ಹಸಿರು. ಉಣಕಲ್ಲಿನ ದ್ಯಾಮಣ್ಣನ ಹತ್ತಿಯ ಹೊಲ ನೇರಳೆಗೆ ಬಿತ್ತು. ಹೊಲ ಹೋಗುವುದಕ್ಕೆ ಅವನು ಹೇಗೋ ಎದೆ ಗಟ್ಟಿ ಮಾಡಿಕೊಂಡಿದ್ದ. ಬೆಂಗೇರಿಯ ಕಡೆ ಬೇರೆ ಹೊಲ ಹಿಡಿದರಾಯಿತು. ಆದರೆ ಆ ಮಣ್ಣಿನಲ್ಲಿ ಅವನ ಮಗಳು ಮಲಗಿದ್ದಳು.

ಹೆಸರಿಡುವ ಮೊದಲೇ ತೀರಿಕೊಂಡ ಕೂಸು. ಅಂಥ ಕೂಸಿಗೆ ಗದ್ದುಗೆ ಕಟ್ಟುವುದಿಲ್ಲ, ಕಲ್ಲು ನಿಲ್ಲಿಸುವುದಿಲ್ಲ, ಬಾಣಂತಿ ಹಿಂದೆ ಬರುವಂತೆಯೂ ಇಲ್ಲ. ದ್ಯಾಮಣ್ಣ ಒಬ್ಬನೇ ಹೊತ್ತೊಯ್ದು ಪಡುವಣ ಬದುವಿನಲ್ಲಿ ಮಣ್ಣು ಮಾಡಿ, ನರಿ ಕೆದರಬಾರದೆಂದು ಮೇಲೆ ಜಾಲಿಮುಳ್ಳು ಹೇರಿ ಬಂದಿದ್ದ. ಹೆಂಡತಿ ಚನ್ನಬಸವ್ವ ಕೂಸನ್ನು ಎಲ್ಲಿ ಮಲಗಿಸಿದಿರಿ ಎಂದು ಕೇಳಿದಳು. ಹಡೆದವಳ ಮುಂದೆ ಮುಳ್ಳಿನ ಮಾತು ಆಡಲಾಗದೆ, ಹೊಲದ ನಡುವಿನ ಬೇವಿನ ನೆರಳಿನಲ್ಲಿ ಎಂದುಬಿಟ್ಟ. ಆಮೇಲೆ ಮಕ್ಕಳಾಗಲಿಲ್ಲ. ಆ ಕೂಸಿನ ಸುದ್ದಿಯನ್ನು ಇಬ್ಬರೂ ತೆಗೆಯಲೂ ಇಲ್ಲ. ಅವನು ಮಾತ್ರ ಪ್ರತಿ ಬಿತ್ತನೆಗೂ ಬದುವಿನ ಆ ತುಂಡು ಬಿಟ್ಟು ಎತ್ತು ತಿರುಗಿಸುತ್ತಿದ್ದ.

ನಕಾಶೆಯ ಸುದ್ದಿ ಕೇಳಿದವನೇ ಕಚೇರಿಗೆ ಹೋಗಿ ಸಾಹೇಬರ ಮುಂದೆ ಎಲ್ಲ ಹೇಳಿಕೊಂಡ. ಪುಣ್ಯಕ್ಕೆ ಆ ಮನುಷ್ಯನಿಗೆ ಕರುಳಿತ್ತು. ಕಾರ್ಖಾನೆಗಳ ನಡುವೆ ಒಂದು ಹಸಿರು ಜಾಗ ಬಿಡಲೇಬೇಕು, ಚಿಕ್ಕದು, ಒಂದೇ ಒಂದು. ಕೂಸು ಎಲ್ಲಿದೆಯೋ ಅಲ್ಲೇ ಬಿಡೋಣ, ಬಂದು ನೋಡುತ್ತೇನೆ ಎಂದರು.

ಮರುದಿನ ಸಾಹೇಬರು ನಕಾಶೆ ಹಿಡಿದು ಹೊಲಕ್ಕೆ ಬಂದಾಗ ಚನ್ನಬಸವ್ವನೂ ಬುತ್ತಿ ಹೊತ್ತು ಬಂದಳು. ದ್ಯಾಮಣ್ಣ ಬದುವಿನತ್ತ ಕೈ ಎತ್ತುವ ಮೊದಲೇ ಅವಳು ಬೇವಿನ ಬುಡಕ್ಕೆ ಹೋಗಿ ಕೂತುಬಿಟ್ಟಳು.

"ಇಲ್ಲೇ ಅದಾಳ್ರಿ ನನ್ನ ಮಗಳು. ದಿನಾ ಬುತ್ತಿ ತಂದಾಗ ಮೊದಲ ಆಕಿಗೊಂದು ತುತ್ತು ಇಟ್ಟು ಆಮ್ಯಾಲ ಇವರಿಗೆ ನೀಡತೇನ್ರಿ."

ಆ ತುತ್ತನ್ನು ದ್ಯಾಮಣ್ಣ ಇಷ್ಟು ವರ್ಷ ಕಣ್ಣಾರೆ ಕಂಡಿದ್ದ. ಭೂಮಿತಾಯಿಗೆ ಎಂದುಕೊಂಡು, ನಿನ್ನ ಭೂಮಿತಾಯಿ ನನಗಿಂತ ಹೆಚ್ಚು ಉಣ್ಣುತ್ತಾಳೆ ಎಂದು ಚೇಷ್ಟೆಯನ್ನೂ ಮಾಡಿದ್ದ.

ಸಾಹೇಬರು ಅವನ ಮುಖ ನೋಡಿದರು. "ನೀವು ಬದುವಿನ ಕಡೆ ಅಂದಿದ್ರಲ್ಲಾ?"

ಚನ್ನಬಸವ್ವನೂ ತಲೆಯೆತ್ತಿ ಗಂಡನನ್ನೇ ನೋಡಿದಳು. ಖರೇ ಹೇಳಿದರೆ ಕೂಸು ಉಳಿಯುತ್ತಿತ್ತು. ಅವಳು ಇಟ್ಟ ತುತ್ತುಗಳೆಲ್ಲ ಮಣ್ಣುಪಾಲಾಗುತ್ತಿದ್ದವು.

"ನಾ ತಪ್ಪಿ ಹೇಳಿದ್ದೆ ನೋಡ್ರಿ," ಎಂದ ದ್ಯಾಮಣ್ಣ. "ಆಕಿ ತೋರಿಸಿದ್ದ ಖರೇ ಜಾಗಾ."

ಸಾಹೇಬರು ಬೇವಿನ ಸುತ್ತ ಹಸಿರು ಬಳಿದರು. ಬದು ನೇರಳೆಯಲ್ಲೇ ಉಳಿಯಿತು. ಚನ್ನಬಸವ್ವ ಕಣ್ಣೊರೆಸಿಕೊಂಡು ಎದ್ದು ಬಂದು, ಪರರ ಮುಂದೆ ಎಂದೂ ಮಾಡದವಳು, ಗಂಡನ ಕೈ ಹಿಡಿದಳು.

"ನಮ್ಮ ಕೂಸು ಉಳೀತ್ರಿ," ಎಂದಳು.

ದ್ಯಾಮಣ್ಣ ಹೂಂ ಎಂದ. ಬದುವಿನ ಕಡೆ ತಿರುಗಿ ನೋಡುವುದು ಅವನಿಂದ ಆಗಲಿಲ್ಲ.