ಮೂರನೇ ದಿನದ ಸಂಜೆ

ಶಫೀಕ್‌ಗೆ ಮದುವೆ ನಿಶ್ಚಯವಾದದ್ದು ೨೦೧೪ರ ಆಗಸ್ಟಿನಲ್ಲಿ. ಹುಡುಗಿ ನಾಝಿಯಾ, ಸೌದಿಯ ದಮ್ಮಾಮಿನಲ್ಲಿ ಪೇಂಟಿನ ಅಂಗಡಿ ಇಟ್ಟಿದ್ದ ಅಲಿಯಬ್ಬ ಹಾಜಿಯವರ ಎರಡನೇ ಮಗಳು. ದಮ್ಮಾಮಿನ ಇಂಡಿಯನ್ ಸ್ಕೂಲಿನಲ್ಲೇ ಬೆಳೆದು, ಮಂಗಳೂರಿಗೆ ಹೋಗಿ ಫಾರ್ಮಸಿ ಓದಿ, ಮತ್ತೆ ತಂದೆತಾಯಿಯ ಬಳಿಗೆ ಬಂದಿದ್ದವಳು. ನಿಕಾಹ್ ಡಿಸೆಂಬರಿನಲ್ಲಿ, ಊರಿನಲ್ಲಿ ಎಂದಾಗಿತ್ತು. ಅಲ್ಲಿಯವರೆಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದ್ದು ಎರಡೇ ಸಲ, ಅದೂ ಮನೆಯವರ ನಡುವೆ. ಎರಡನೇ ಸಲ ಚಹಾ ಇಡುವಾಗ ನಾಝಿಯಾ ಕೇಳಿದ್ದು ಒಂದೇ ಮಾತು.

"ಮದುವೆಯಾದ ಮೇಲೆ ಎಲ್ಲಿಗಾದರೂ ಹೋಗುವುದಾದರೆ ನನಗೆ ಕಾರು ಓಡಿಸಲಿಕ್ಕೆ ಬಿಡುವ ಕಡೆ ಹೋಗುವ. ಊರಲ್ಲಿ ಲೈಸೆನ್ಸ್ ಮಾಡಿಸಿ ಮೂರು ವರ್ಷ ಆಯಿತು. ಇಲ್ಲಿ ಹೆಂಗಸರು ಓಡಿಸುವ ಹಾಗಿಲ್ಲ, ಅದು ಪರ್ಸಿನಲ್ಲೇ ಉಂಟು."

ಹಾಗಾದರೆ ಫ್ರಾನ್ಸಿಗೆ ಹೋಗು ಎಂದವನು ಸನ್ನಿ.

ಸನ್ನಿ ಶಿರ್ವದ ಕಡೆಯ ಕ್ರಿಶ್ಚಿಯನ್. ದಹ್ರಾನಿನ ಒಂದೇ ಗುತ್ತಿಗೆ ಕಂಪೆನಿಯಲ್ಲಿ ಇಬ್ಬರೂ ಇಂಜಿನಿಯರುಗಳು. ಖೋಬಾರಿನ ಒಂದೇ ಫ್ಲಾಟಿನಲ್ಲಿ ನಾಲ್ಕು ವರ್ಷದಿಂದ ಒಟ್ಟಿಗೆ ಇದ್ದವರು. ಅಡುಗೆ ಸನ್ನಿಯದು, ಪಾತ್ರೆ ಶಫೀಕನದು. ಉಪವಾಸದ ತಿಂಗಳಿನಲ್ಲಿ ಅಲಾರಂ ಇಟ್ಟುಕೊಂಡು ಎದ್ದು ನಸುಕಿನ ಸಹ್ರಿ ಊಟಕ್ಕೆ ಚಪಾತಿ ಬಿಸಿ ಮಾಡಿಕೊಡುತ್ತಿದ್ದವನೂ ಸನ್ನಿಯೇ. ಹಿಂದೊಮ್ಮೆ ಕಂಪೆನಿ ಅವನನ್ನು ತರಬೇತಿಗೆಂದು ಮೂರು ತಿಂಗಳು ಫ್ರಾನ್ಸಿನ ಲಿಯೋನ್ ನಗರಕ್ಕೆ ಕಳಿಸಿತ್ತು. ಆ ಮೂರು ತಿಂಗಳನ್ನು ಅವನು ನಾಲ್ಕು ವರ್ಷದಿಂದ ಹೇಳುತ್ತಿದ್ದ. ಅಲ್ಲಿನ ಚೀಸಿನ ವಾಸನೆ ಬಂಗುಡೆ ಒಣಗಿಸಿದ ಹಾಗೆ, ಆದರೆ ಬಾಯಿಗಿಟ್ಟರೆ ಬೆಣ್ಣೆ ಎಂದು. ಬೆಳಿಗ್ಗೆ ಬ್ರೆಡ್ಡನ್ನು ಕೊಡೆಯ ಹಾಗೆ ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಾರೆ ಎಂದು.

ಶುಕ್ರವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಇಬ್ಬರೂ ಹತ್ತು ದಿನದ ದಾರಿ ಹಾಕಿದರು. ಪ್ಯಾರಿಸಿನಲ್ಲಿ ಕಾರು ತೆಗೆದುಕೊಳ್ಳುವುದು, ಕೆಳಗೆ ಬೋನ್, ಆಮೇಲೆ ಲಿಯೋನ್, ಕೊನೆಗೆ ಸಮುದ್ರದ ಮಾರ್ಸೇ. ಸನ್ನಿ ಪ್ರತಿ ಊರಿನ ಕೆಳಗೂ ತಿನ್ನುವುದನ್ನು ಬರೆದ. ಮೀನು, ಮೊಟ್ಟೆ, ತರಕಾರಿಯ ಅಡುಗೆಗಳು ಹಸಿರು ಅಕ್ಷರದಲ್ಲಿ. ಯಾವ ಸಾರಿಗೆ ಹಂದಿ ಕೊಬ್ಬು ಹಾಕುತ್ತಾರೆ, ಯಾವ ಗ್ರೇವಿಗೆ ವೈನ್ ಸುರಿಯುತ್ತಾರೆ ಎನ್ನುವುದೆಲ್ಲ ಕೆಂಪು ಅಕ್ಷರದಲ್ಲಿ. ಲಿಯೋನಿನ ಹಲಾಲ್ ಅಂಗಡಿಗಳ ಬೀದಿಯ ಹೆಸರನ್ನೂ ಹುಡುಕಿ ಹಾಕಿದ.

ಬೋನ್ ಬಂದಾಗ ಶಫೀಕ್ ಕೇಳಿದ, "ನೀನು ಹೇಳುತ್ತಿದ್ದ ಆ ವೈನಿನ ನೆಲಮಾಳಿಗೆ ಇರುವ ಊರು ಇದೇ ಅಲ್ಲವಾ?"

"ಇದೇ. ಅದು ನಿನಗೆ ಎಂತಕ್ಕೆ?"

"ಹಾಕು ಮಾರಾಯ. ಒಂದು ಸಂಜೆ. ಒಮ್ಮೆ ನೋಡಬೇಕು."

"ನೋಡಲಿಕ್ಕಾ, ಕುಡಿಯಲಿಕ್ಕಾ?"

ಶಫೀಕ್ ನಕ್ಕ. ಅವನಿಗೆ ರುಚಿಯ ಆಸೆಗಿಂತ ಹೆಚ್ಚಾಗಿ, ಆಫೀಸಿನ ದೊಡ್ಡ ಇಂಜಿನಿಯರುಗಳು ರಜೆ ಮುಗಿಸಿ ಬಂದು ಆಡುವ ವೈನಿನ ಮಾತಿನಲ್ಲಿ ತಾನೂ ಒಮ್ಮೆ ತಲೆ ಆಡಿಸಬೇಕೆಂಬ ಆಸೆ. "ಅಲ್ಲಿ ಯಾರು ನೋಡಲಿಕ್ಕಿದ್ದಾರೆ?" ಎಂದ.

"ನಿನ್ನ ಹೆಂಡತಿ ಇದ್ದಾಳಲ್ಲ. ಬೇಡ ಶಫೀ. ನಾನು ಬರೆಯುವುದಿಲ್ಲ."

ಸನ್ನಿ ಚಹಾ ಮಾಡಲು ಎದ್ದು ಹೋದ. ಶಫೀಕ್ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ಬರೆದ: 'ಮೂರನೇ ದಿನ ಸಂಜೆ, ನೆಲಮಾಳಿಗೆಯಲ್ಲಿ ಆರು ಬಗೆಯ ವೈನ್ ರುಚಿ, ಒಂದೂವರೆ ಗಂಟೆ. ನಾಝಿಯಾಗೆ ಹೋಟೆಲಿನಲ್ಲಿ ವಿಶ್ರಾಂತಿ.' ಆ ಸಾಲಿಲ್ಲದ ಇನ್ನೊಂದು ಪ್ರತಿಯನ್ನು ವೀಸಾ ಅರ್ಜಿಗೆಂದು ಬೇರೆ ಇಟ್ಟ.

ಎರಡು ವಾರದ ಮೇಲೆ ಅಲಿಯಬ್ಬ ಹಾಜಿ ಫೋನ್ ಮಾಡಿ, ಮಗಳ ವೀಸಾ ಅರ್ಜಿ ಈಗಲೇ ತುಂಬಿಸಿಡಲಿಕ್ಕೆ ಪ್ರಯಾಣದ ವಿವರ ಬೇಕು, ಕಳಿಸು ಎಂದರು. ಶಫೀಕ್ ಆಗ ಸೈಟಿನಲ್ಲಿ ಬಿಸಿಲಲ್ಲಿ ನಿಂತಿದ್ದ. ಮೊಬೈಲಿನಿಂದಲೇ ಕಳಿಸಿಬಿಟ್ಟ. ಕಳಿಸಿದ್ದು ಯಾವ ಪ್ರತಿ ಎಂದು ನೋಡಲಿಲ್ಲ.

ಗುರುವಾರ ಸಂಜೆ ಅವರ ಮನೆಯಲ್ಲಿ ಊಟ. ನಾಝಿಯಾಳ ತಾಯಿ ಸಫಿಯತ್ ಅಕ್ಕಿಹಿಟ್ಟು ತಟ್ಟಿ ಕರಿದ ನೈಪತ್ತಿರಿಯ ಮೇಲೆ ನೈಪತ್ತಿರಿ ಬಡಿಸಿದರು. ಕೈ ತೊಳೆದು ಬಂದ ಮೇಲೆ ಹಾಜಿಯವರು ಅಂಗಿಯ ಕಿಸೆಯಿಂದ ಮಡಚಿದ ಹಾಳೆ ತೆಗೆದು ಅವನ ಮುಂದೆ ಇಟ್ಟರು. ಒಂದು ಸಾಲಿನ ಕೆಳಗೆ ಪೆನ್ಸಿಲಿನ ಗೆರೆ ಇತ್ತು.

"ಮಗಾ, ಇದು ಎಂತ?"

ಶಫೀಕನ ಕಿವಿ ಬಿಸಿಯಾಯಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತದ್ದು ಕೇಳಿಸಿತು. ಆಗ ಅವನ ಬಾಯಿಂದ ಬಂದ ಮಾತನ್ನು ಅವನು ಮೊದಲೇ ಯೋಚಿಸಿ ಇಟ್ಟುಕೊಂಡದ್ದಲ್ಲ. ಆದರೆ ಎಷ್ಟು ಸಲೀಸಾಗಿ ಬಂತೆಂದರೆ ಹೇಳಿಕೊಟ್ಟ ಹಾಗೆಯೇ ಇತ್ತು.

"ಅಲ್ಲಾಹ್, ಇದು ನಾನು ನೋಡಿಯೇ ಇಲ್ಲ ಮಾವ. ಇದೆಲ್ಲ ಸನ್ನಿ ಮಾಡಿಕೊಟ್ಟದ್ದು, ನನ್ನ ರೂಮಿನವ. ಅವರಲ್ಲಿ ಇದೆಲ್ಲ ಸಾಮಾನ್ಯ ಅಲ್ಲವಾ, ಹಾಗೇ ಬರೆದಿದ್ದಾನೆ."

ಹಾಜಿಯವರ ಮುಖ ಸಡಿಲವಾಯಿತು. ಅವರು ಉಸಿರು ಬಿಟ್ಟು, "ಹಾಗೆ ಹೇಳು. ನನಗೆ ಮೂರು ದಿನದಿಂದ ನಿದ್ದೆ ಇಲ್ಲ," ಎಂದರು. ಆ ಸಮಾಧಾನವನ್ನು ನೋಡಿ ಶಫೀಕನಿಗೂ ಸಮಾಧಾನವಾಯಿತು. ಅಷ್ಟಕ್ಕೆ ಮುಗಿಯಿತು ಎಂದುಕೊಂಡ.

ಮುಗಿಯಲಿಲ್ಲ. ಮರುದಿನ ಜುಮಾ ನಮಾಝಿನ ನಂತರ ಹಾಜಿಯವರು ಖೋಬಾರಿನ ಫ್ಲಾಟಿಗೇ ಬಂದರು. ಸನ್ನಿ ಗಡಿಬಿಡಿಯಲ್ಲಿ ಲುಂಗಿ ಬದಲಿಸಿ ಪ್ಯಾಂಟ್ ಹಾಕಿಕೊಂಡು, ಮದುಮಗನ ಮಾವ ಬಂದರೆಂದು ಸಂಭ್ರಮದಿಂದ ನಿಂಬೆ ಶರಬತ್ತು ಮಾಡಿ ತಂದಿಟ್ಟ. ಹಾಜಿಯವರು ಲೋಟ ಮುಟ್ಟಲಿಲ್ಲ.

"ನೀನು ನನ್ನ ಮಗನ ಪ್ರಾಯದವ," ಎಂದರು ಮೆಲ್ಲಗೆ. "ನಿನ್ನ ಮನೆಯಲ್ಲಿ ನೀನು ಎಂತದೂ ಮಾಡು, ನಾನು ಕೇಳುವವನಲ್ಲ. ಆದರೆ ನಮ್ಮ ಹುಡುಗನಿಗೆ ಆ ದಾರಿ ತೋರಿಸಬೇಡ. ನೆಲಮಾಳಿಗೆ, ವೈನು, ನನ್ನ ಮಗಳನ್ನು ಹೋಟೆಲಿನಲ್ಲಿ ಬಿಡುವುದು. ಇದನ್ನು ಬರೆಯುವಾಗ ನಿನಗೆ ಒಮ್ಮೆಯೂ ಅನಿಸಲಿಲ್ಲವಾ?"

ಸನ್ನಿ ಶಫೀಕನ ಕಡೆ ತಿರುಗಿ ನೋಡಿದ. ಒಂದೇ ಸಲ. ಶಫೀಕ್ ಲೋಟದ ಹೊರಗೆ ಇಳಿಯುತ್ತಿದ್ದ ನೀರಿನ ಹನಿಯನ್ನು ನೋಡುತ್ತಾ ಕುಳಿತ. ಹನಿ ಮೇಜಿಗೆ ಮುಟ್ಟಿತು. ಇನ್ನೊಂದು ಇಳಿಯತೊಡಗಿತು.

"ತಪ್ಪಾಯಿತು ಹಾಜಿಯವರೇ," ಎಂದ ಸನ್ನಿ. "ಇನ್ನು ಹಾಗೆ ಆಗುವುದಿಲ್ಲ."

ಹಾಜಿಯವರು ಹೋದ ಮೇಲೆ ಅವನು ಮೂರೂ ಲೋಟಗಳನ್ನು ಎತ್ತಿಕೊಂಡು ಹೋಗಿ ತಾನೇ ತೊಳೆದ. ಶಫೀಕ್ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನೀನು ಯಾಕೆ ಎಂತದೂ ಹೇಳಲಿಲ್ಲ?" ಎಂದು ಕೇಳಿದ. ಕೇಳಿದ ಮೇಲೆ ಆ ಪ್ರಶ್ನೆ ಎಷ್ಟು ಹೇಸಿಗೆಯದು ಎಂದು ಗೊತ್ತಾಯಿತು.

"ನಾನು ಹೇಳಿದರೆ ನಿನ್ನ ಮದುವೆ ನಿಲ್ಲುತ್ತಿತ್ತು." ಸನ್ನಿ ನಲ್ಲಿ ನಿಲ್ಲಿಸಿದ. "ನೀನು ಹೇಳುತ್ತೀಯಾ ಅಂತ ಕಾದೆ."

ತಿಂಗಳು ತುಂಬುವ ಮೊದಲೇ ಸನ್ನಿ ರಾಸ್ ತನೂರಾದ ಸೈಟಿಗೆ ವರ್ಗ ಕೇಳಿಕೊಂಡು, ಅಲ್ಲಿನ ಕಂಪೆನಿ ಕ್ಯಾಂಪಿಗೆ ಹೋದ. ಜಗಳ ಆಡಲಿಲ್ಲ. ಹೋಗುವಾಗ ಫ್ರಿಜ್ಜಿನಲ್ಲಿ ಮೂರು ದಿನಕ್ಕಾಗುವಷ್ಟು ಮೀನುಸಾರು ಮಾಡಿಟ್ಟಿದ್ದ. ಶಫೀಕನಿಗೆ ಅದನ್ನು ತಿನ್ನಲು ಆಗಲಿಲ್ಲ, ಚೆಲ್ಲಲೂ ಆಗಲಿಲ್ಲ. ಕೊನೆಗೆ ಅದು ಹಳಸಿದ ಮೇಲೆ ಚೆಲ್ಲಿದ.

ವೈನಿನ ಮಾತು ಮಾತ್ರ ಆಫೀಸಿಗೂ ಮುಟ್ಟಿತು. ಹಾಜಿಯವರು ಅಳಿಯನಿಗೆ ಬೇರೆ ರೂಮು ನೋಡಲು ತಮ್ಮ ಸಂಬಂಧಿಕ ಸಫ್ವಾನನಿಗೆ ಹೇಳಿದ್ದರು, ಕಾರಣವನ್ನೂ ಹೇಳಿದ್ದರು. ಸಫ್ವಾನ್ ಅದೇ ಕಂಪೆನಿಯ ಸ್ಟೋರಿನಲ್ಲಿದ್ದವನು. ಒಂದು ದಿನ ಚಹಾದ ಹೊತ್ತಿಗೆ ನಾಲ್ಕೈದು ಜನರ ಎದುರು ಕೇಳಿದ, "ಹೌದಾ ಮಾರಾಯ, ಆ ಸನ್ನಿ ರೂಮಿನಲ್ಲೇ ಕುಡಿಯುತ್ತಿದ್ದನಂತೆ?"

ಕುಡಿತವೇ ನಿಷಿದ್ಧವಾದ ಈ ದೇಶದಲ್ಲಿ ಅಂಥ ಮಾತು ಸೂಪರ್‌ವೈಸರನ ಕಿವಿಗೆ ಬಿದ್ದರೆ ಕೆಲಸವೂ ಹೋಗಬಹುದು, ಇಲ್ಲಿ ವಾಸಿಸುವ ಪರವಾನಗಿಯಾದ ಇಕಾಮಾವೂ ಹೋಗಬಹುದು. ಶಫೀಕನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ, "ಬಿಡು, ಈಗ ಅವನು ಹೋಗಿ ಆಯಿತಲ್ಲ," ಎಂದ. ಅಲ್ಲ ಎನ್ನಲಿಲ್ಲ. ಆ ದಿನ ಮನೆಗೆ ಹೋಗಿ ಕನ್ನಡಿಯ ಮುಂದೆ ಮುಖ ತೊಳೆಯುವಾಗ ಅವನು ತಲೆ ಎತ್ತಲಿಲ್ಲ.

ನಾಝಿಯಾ ಫೋನ್ ಮಾಡಿದ್ದು ಅದೇ ವಾರ. ಅವಳಾಗಿ ಮಾಡಿದ ಮೊದಲ ಫೋನು.

"ಆ ಫೈಲನ್ನು ನಾನು ಪೂರ್ತಿ ಓದಿದೆ," ಎಂದಳು. "ಬಾಪ ಒಂದು ಸಾಲು ಓದಿದರು, ನಾನು ಎಲ್ಲ ಓದಿದೆ. ಯಾವ ಗ್ರೇವಿಯಲ್ಲಿ ವೈನ್ ಇರುತ್ತದೆ, ಯಾವುದನ್ನು ನಾವು ತಿನ್ನಬಾರದು ಅಂತ ಅವರು ಕೆಂಪಿನಲ್ಲಿ ಬರೆದಿದ್ದಾರೆ. ಪ್ರತಿ ಊರಿಗೂ. ಒಂದು ಚಮಚ ನಮ್ಮ ಬಾಯಿಗೆ ಹೋಗಬಾರದು ಅಂತ ಇಷ್ಟು ನೋಡಿದವರು ನಿಮಗೆ ಆರು ಲೋಟ ಕುಡಿಸಲಿಕ್ಕೆ ಹೊರಟರಾ?"

ಶಫೀಕ್ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ.

"ಆ ಸಾಲು ಬರೆದದ್ದು ಯಾರು?"

"ನಾನು."

ನಾಝಿಯಾ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು. "ಕುಡಿಯುವ ಆಸೆ ನಿಮ್ಮ ಮತ್ತು ಅಲ್ಲಾಹನ ನಡುವಿನದು. ನನ್ನನ್ನು ಹೋಟೆಲಿನಲ್ಲಿ ಕೂರಿಸುವುದು ನನ್ನ ಲೆಕ್ಕ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಆದರೆ ಸನ್ನಿಯವರದ್ದನ್ನು ನೀವೇ ಬಾಪನ ಹತ್ತಿರ ಹೇಳಬೇಕು. ನಿಮ್ಮ ಪರವಾಗಿ ನಾನು ಹೇಳುವುದಿಲ್ಲ. ನೀವು ಹೇಳದಿದ್ದರೆ ಈ ಮದುವೆ ನನಗೆ ಬೇಡ."

ಮರುದಿನ ಅವನು ಅರ್ಧ ದಿನ ರಜೆ ಹಾಕಿ ದಮ್ಮಾಮಿಗೆ ಹೋದ. ಅಂಗಡಿಯಲ್ಲಿ ಹಾಜಿಯವರು ಒಬ್ಬ ಗಿರಾಕಿಗೆ ಬಣ್ಣದ ಪಟ್ಟಿ ತೋರಿಸುತ್ತಿದ್ದರು. ಗಿರಾಕಿ ಹೋಗುವವರೆಗೆ ಶಫೀಕ್ ಡಬ್ಬಿಗಳ ನಡುವೆ ನಿಂತಿದ್ದ. ಆಮೇಲೆ ನಿಂತಲ್ಲಿಂದಲೇ ಎಲ್ಲ ಹೇಳಿದ. ನೆಪ ಹೇಳಬಾರದೆಂದು ಹೊರಟಿದ್ದರೂ ನಡುವೆ ಒಂದೆರಡು ನೆಪಗಳು ಬಂದವು. ಅವನ್ನು ತಾನೇ ನುಂಗಿಕೊಂಡ.

ಹಾಜಿಯವರು ಬೈಯುತ್ತಾರೆ ಎಂದುಕೊಂಡಿದ್ದ. ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು.

"ನಾನು ಆ ಹುಡುಗನ ಮನೆಗೆ ಹೋದೆ," ಎಂದರು. "ಅವನು ಕೊಟ್ಟ ಶರಬತ್ತು ಕುಡಿಯಲಿಲ್ಲ. ನನ್ನ ಅರುವತ್ತು ವರ್ಷದಲ್ಲಿ ಯಾರ ಮನೆಯಲ್ಲೂ ನಾನು ಹಾಗೆ ಮಾಡಿದ್ದಿಲ್ಲ. ನೀನು ಪಕ್ಕದಲ್ಲೇ ಕೂತು ನೋಡಿದೆಯಲ್ಲ, ಶಫೀಕ್. ನೋಡಿಕೊಂಡೇ ಕೂತೆಯಲ್ಲ."

ಇಳಿಹೊತ್ತಿನ ನಮಾಝಿಗೆ ಅಸರ್ ಬಾಂಗ್ ಆಯಿತು. ಅವರು ಅಂಗಡಿಯ ಶಟರ್ ಎಳೆದು ನಮಾಝ್ ಮುಗಿಸಿ ಬಂದವರು ಮತ್ತೆ ಶಟರ್ ತೆರೆಯಲಿಲ್ಲ. "ಕಾರಿಗೆ ಹತ್ತು," ಎಂದರು.

ರಾಸ್ ತನೂರಾದವರೆಗೆ ಹಾಜಿಯವರೇ ಕಾರು ಓಡಿಸಿದರು. ಕ್ಯಾಂಪಿನ ಗೇಟಿನ ಒಳಗೆ ಹೊರಗಿನವರನ್ನು ಬಿಡುವುದಿಲ್ಲ. ಫೋನ್ ಮಾಡಿದ ಮೇಲೆ ಸನ್ನಿ ಡ್ಯೂಟಿಯ ಬಟ್ಟೆಯಲ್ಲೇ ಹೆಲ್ಮೆಟ್ ಕೈಯಲ್ಲಿ ಹಿಡಿದು ಹೊರಗೆ ಬಂದ. ಅವನು ಸಲಾಂ ಹೇಳುವ ಮೊದಲೇ ಹಾಜಿಯವರು ಅವನ ಎರಡೂ ಕೈ ಹಿಡಿದುಕೊಂಡರು.

"ನನ್ನನ್ನು ಮಾಫ್ ಮಾಡು ಮಗಾ. ನಾನು ಕೇಳದೆ ಮಾತಾಡಿದೆ."

"ಅಯ್ಯೋ ಹಾಜಿಯವರೇ, ನೀವು ಎಂತ ಇದು..." ಸನ್ನಿ ಅಡಗಿಕೊಳ್ಳಲು ಜಾಗ ಹುಡುಕುವವನ ಹಾಗೆ ಅತ್ತಿತ್ತ ನೋಡಿದ. "ನಿಮ್ಮದು ಎಂತ ತಪ್ಪು? ಮಗಳ ತಂದೆ ಅಲ್ಲವಾ ನೀವು." ಗೇಟಿನ ಪಕ್ಕದ ಕ್ಯಾಂಟೀನಿನಿಂದ ಚಹಾ ತರಿಸಿದ. ಹಾಜಿಯವರು ಸುಡುಸುಡು ಚಹಾವನ್ನು ನಿಂತಲ್ಲೇ ಪೂರ್ತಿ ಕುಡಿದು, ಇನ್ನೊಂದು ಕೇಳಿದರು.

ಶಫೀಕ್ ಬಾಯಿ ತೆರೆದು, "ಸನ್ನಿ, ನನ್ನದು ತಪ್ಪಾಯಿತು," ಎಂದ.

"ಬಂದು ಹೇಳಿದಿರಲ್ಲ, ಒಳ್ಳೆಯದಾಯಿತು," ಎಂದ ಸನ್ನಿ. ಹಾಜಿಯವರಿಗೆ ಹೇಳುತ್ತಿದ್ದಾನೆ ಎಂದು ಶಫೀಕ್ ಮೊದಲು ಭಾವಿಸಿದ. ಆದರೆ ಸನ್ನಿ ತನ್ನನ್ನೇ ನೋಡುತ್ತಿದ್ದ. "ನೀವು ಇನ್ನು ಹೊರಡಿ. ಸಂಜೆ ದಾರಿಯಲ್ಲಿ ಟ್ರಾಫಿಕ್ ಇರುತ್ತದೆ." ನಾಲ್ಕು ವರ್ಷ 'ನೀನು' ಎಂದವನು, 'ಮಾರಾಯ' ಎಂದವನು, ಅಷ್ಟು ಸೌಮ್ಯವಾಗಿ 'ನೀವು' ಎಂದ. ಬೈದಿದ್ದರೆ ಹಗುರಾಗುತ್ತಿತ್ತು.

ಮದುವೆ ಹೇಳಿದ ದಿನಕ್ಕೇ ನಡೆಯಿತು. ಸನ್ನಿಗೆ ರಜೆ ಸಿಗಲಿಲ್ಲವಂತೆ. ಮಾರ್ಚಿನಲ್ಲಿ ಗಂಡಹೆಂಡತಿ ಫ್ರಾನ್ಸಿಗೆ ಹೋಗಿ ಬಂದರು. ಮೂರನೇ ದಿನದ ಸಂಜೆಯನ್ನು ನಾಝಿಯಾ ತಾನೇ ಬದಲಿಸಿ ಬರೆದಿದ್ದಳು: ಸಂಜೆಯಿಡೀ ನನ್ನ ಡ್ರೈವಿಂಗ್. ಸ್ಟಿಯರಿಂಗ್ ಹಿಡಿದಾಗ ಅವಳು ಹಾಡುತ್ತಾಳೆ ಎನ್ನುವುದು ಶಫೀಕನಿಗೆ ಅಲ್ಲಿ ಗೊತ್ತಾಯಿತು. ಸನ್ನಿ ಹಸಿರಿನಲ್ಲಿ ಬರೆದ ಒಂದೊಂದು ಅಡುಗೆಯೂ ಹೇಳಿದಲ್ಲೇ ಇತ್ತು, ಹೇಳಿದ ಹಾಗೆಯೇ ಇತ್ತು.

ಆಫೀಸಿಗೆ ಬಂದು ಚಾಕೊಲೇಟ್ ಹಂಚುವಾಗ ಸಫ್ವಾನ್ ಫೋಟೋಗಳನ್ನು ಸರಿಸುತ್ತಾ ಕೇಳಿದ, "ಭಾರೀ ಲಾಯ್ಕ ಉಂಟಲ್ಲ ಮಾರಾಯ! ಇಷ್ಟು ಒಳ್ಳೆಯ ಪ್ಲಾನ್ ಯಾರು ಮಾಡಿಕೊಟ್ಟದ್ದು?"

"ಸನ್ನಿ."

"ಯಾರು, ಆ ಕುಡುಕನಾ?"

ಸುತ್ತ ಆರೇಳು ಜನ ಇದ್ದರು, ಸೂಪರ್‌ವೈಸರ್ ಕೂಡ. ಶಫೀಕನ ಕಿವಿ ಮತ್ತೆ ಬಿಸಿಯಾಯಿತು. ಚಾಕೊಲೇಟಿನ ಡಬ್ಬಿಯನ್ನು ಮೇಜಿನ ಮೇಲಿಟ್ಟ.

"ಅವನು ಆ ರೂಮಿನಲ್ಲಿ ಒಂದು ಹನಿ ಕುಡಿದವನಲ್ಲ," ಎಂದ. "ಕುಡಿಯಬೇಕು ಅಂತ ಇದ್ದವ ನಾನು. ಅವನು ಬೇಡ ಅಂದ. ನಾನು ಅವನ ಹೆಸರು ಹೇಳಿ ತಪ್ಪಿಸಿಕೊಂಡೆ."

ಯಾರೋ ತಮಾಷೆ ಎಂದುಕೊಂಡು ನಕ್ಕರು. ನಗು ನಿಲ್ಲುವವರೆಗೆ ಕಾದು ಶಫೀಕ್ ಇನ್ನೊಮ್ಮೆ ಹೇಳಿದ.