ಮೇಣ ತುಂಬಿದ ತೂತು

ಬೀಗದ ಮೇಸ್ತ್ರಿಯ ಕೆಲಸದಲ್ಲಿ ಕೊಂಕು ಹುಡುಕುವಂತಿರಲಿಲ್ಲ. ಮಾತಿನಲ್ಲಿ ಮಾತ್ರ ಒಂದು ಸುಳ್ಳಿತ್ತು. ಯಾರ ಕೋಣೆಗೆ ಒಳಚಿಲಕ ಹಾಕಿದರೂ ಅದರ ಪಕ್ಕದಲ್ಲೇ ಸಣ್ಣ ತೂತು ಕೊರೆದು, ಮೇಣ ತುಂಬಿ, ಮೇಲೆ ಬಣ್ಣ ಬಳಿದುಬಿಡುತ್ತಿದ್ದ. ಹೊರಗಿನಿಂದ ತುದಿ ಬಾಗಿಸಿದ ತಂತಿ ತೂರಿಸಿದರೆ ಚಿಲಕ ಸರಿಯುತ್ತಿತ್ತು. ಹೆಂಡತಿಯ ಕೋಣೆಗೂ ಅಂಥದ್ದೊಂದು ಕೊರೆದಿದ್ದ, ಅವಳಿಗೂ ಹೇಳಿರಲಿಲ್ಲ. ಹಿಂದೆ ಅವನ ಅಕ್ಕ ಚಿಲಕ ಹಾಕಿಕೊಂಡ ಕೋಣೆಯಲ್ಲಿ ಹೊಗೆಗೆ ಉಸಿರುಕಟ್ಟಿ ಸತ್ತಿದ್ದಳು. ಲೋಕದ ಬಾಗಿಲುಗಳೆಲ್ಲ ಹೊರಗಿನಿಂದ ತೆರೆಯುವಂತಿದ್ದರೆ ಮಾತ್ರ ಅವನಿಗೆ ನಿದ್ದೆ.

ಅಂಗಡಿಯ ಹಿಂದಿನ ಕಟ್ಟಡದ ಮೂರನೇ ಮಹಡಿಯ ಮುದುಕಿ ಕೇಳಿದ್ದು ಇದಕ್ಕೆ ತದ್ವಿರುದ್ಧವಾದದ್ದನ್ನು.

"ನಲವತ್ತು ವರ್ಷ ನನ್ನ ಕೋಣೆಗೆ ಯಾರು ಬೇಕಾದ್ರೂ ನುಗ್ತಿದ್ರಪ್ಪಾ. ನಾನು ತೆಗೆದ್ರೆ ಮಾತ್ರ ತೆಗೀಬೇಕು, ಅಂಥ ಬಾಗಿಲು ಮಾಡಿಕೊಡು. ಸಾಯೋಕೆ ಮುಂಚೆ ಅಷ್ಟು ಸ್ವಾತಂತ್ರ್ಯ ಸಾಕು."

"ದೇವರು ಬಂದ್ರೂ ಹೊರಗಿಂದ ತೆಗೆಯೋಕಾಗಲ್ಲ ಅಮ್ಮಾ," ಎಂದಿದ್ದ ಮೇಸ್ತ್ರಿ, ಆಗಲೇ ಜೇಬಿನಲ್ಲಿ ಮೇಣ ಮೆದು ಮಾಡುತ್ತಾ.

ಎರಡು ವರ್ಷದ ಮೇಲೆ, ಒಂದು ಮಧ್ಯಾಹ್ನ, ಮುದುಕಿಯ ಮಗ ಏದುಸಿರು ಬಿಡುತ್ತಾ ಅಂಗಡಿಗೆ ಬಂದ.

"ನಿನ್ನೆ ಸಂಜೆಯಿಂದ ಅಮ್ಮ ಬಾಗಿಲು ತೆಗೆದಿಲ್ಲ ಮೇಸ್ತ್ರಿ. ಕೂಗಿದ್ರೆ ಓಗೊಡ್ತಿಲ್ಲ. ಈ ಚಿಲಕ ಬೇಡ, ಕಣ್ಣೆದುರಿಗೇ ಇರು, ನನಗದೇ ನೆಮ್ಮದಿ ಅಂತ ಬಡ್ಕೊಂಡೆ. ಕೇಳಬೇಕಲ್ಲ!"

ಮೇಸ್ತ್ರಿ ಅವನೊಡನೆ ಮಹಡಿ ಹತ್ತಿ, ಮುದುಕಿಯ ಬಾಗಿಲ ಮುಂದೆ ಮಂಡಿಯೂರಿ, ಮೇಣ ಕೆರೆದು, ತಂತಿ ತೂರಿಸಿದ. ಅರ್ಧ ಹೋದದ್ದು ಮೆತ್ತಗೆ ಹಿಂದಕ್ಕೆ ಬಂತು. ಒಳಗಿನಿಂದ ಯಾರೋ ಬೆರಳಲ್ಲಿ ಒತ್ತಿ ತಳ್ಳಿದ್ದರು.

"ಬದುಕಿದ್ದಾರೆ!" ಎಂದ. ಮಗ ಗೋಡೆಗೊರಗಿ ಅತ್ತುಬಿಟ್ಟ.

ಇನ್ನೊಮ್ಮೆ ತೂರಿಸಿದ. ಮತ್ತೆ ಅದೇ ಒತ್ತು, ಸಿಟ್ಟಿಲ್ಲದ್ದು, ಆದರೆ ಜಗ್ಗದ್ದು. ಮೇಸ್ತ್ರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ತಂತಿ ಕೆಳಗಿಟ್ಟು ತೂತಿಗೆ ಬಾಯಿ ತಂದ.

"ಸುಳ್ಳು ಹೇಳಿದ್ದೆ ಅಮ್ಮಾ. ತಪ್ಪಾಯ್ತು. ನೀವೇ ತೆಗೀರಿ, ಇಲ್ಲಾಂದ್ರೆ ಬೇಡ."

ಹೇಳಿ ಬಾಗಿಲಿಂದ ಹಿಂದೆ ಸರಿದ. ಆಮೇಲೆ ಚಿಲಕ ತಾನಾಗಿ ಸರಿಯಿತು.

ಮುದುಕಿ ಕಿಟಕಿಯ ಹತ್ತಿರದ ಮಂಚದ ಮೇಲೆ ಗೋಡೆಯತ್ತ ಮುಖ ಮಾಡಿ ಮಲಗಿದ್ದಳು. ಬಾಗಿಲಿಂದ ಅಲ್ಲಿಗೆ ಎಂಟು ಹೆಜ್ಜೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕೆಳಗಿನ ಮನೆಯ ಡಾಕ್ಟರು ಬಂದು ಕೈ ಮುಟ್ಟಿ ನೋಡಿ, "ನಿನ್ನೆ ರಾತ್ರಿಯೇ ಹೋಗಿದ್ದಾರೆ," ಎಂದರು. ಮೈ ಮರಗಟ್ಟಿತ್ತು.

ಅವಳ ತೋರುಬೆರಳ ತುದಿಗೆ ಮೇಣ ಮೆತ್ತಿತ್ತು. ಮೇಣದಲ್ಲಿ ತಂತಿ ಚುಚ್ಚಿದ ಎರಡು ಗುರುತು.

"ಅಂತೂ ನೀನು ತೆಗೆದೆಯಲ್ಲ, ಪುಣ್ಯಾತ್ಮ," ಎಂದ ಮಗ.

"ನಾನು ತೆಗೀಲಿಲ್ಲ ಸ್ವಾಮಿ."

ಮನೆಗೆ ಬಂದಾಗ ಹೆಂಡತಿ ತನ್ನ ಕೋಣೆಯಲ್ಲಿದ್ದಳು, ಚಿಲಕ ಹಾಕಿಕೊಂಡು. ಮೇಸ್ತ್ರಿ ಬಾಗಿಲಾಚೆ ನಿಂತು ತೂತಿನ ವಿಷಯ ಹೇಳಿದ. ಒಳಗೆ ಅವಳ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಎಷ್ಟು ವರ್ಷದಿಂದ?" ಎಂದಳು.

"ಹನ್ನೊಂದು."

ಅವನು ಬೇರೇನೂ ಕೇಳಲಿಲ್ಲ. ಮರದ ಬೆಣೆಗೆ ಅಂಟು ಸವರಿ ತೂತಿಗೆ ಬಡಿದು ಮುಚ್ಚಿದ. ಆಮೇಲೆ, ತೆಗೆಯುತ್ತಾಳೋ ಇಲ್ಲವೋ ತಿಳಿಯದೆ, ಹೊಸ್ತಿಲಾಚೆ ಕೂತ.